ಉಪವಾಸ ಕಲಿತ ಹೊಟ್ಟೆ

ಹಸಿವೆಯಾದರೆ ಕೂಸು ಅಳುತ್ತದೆ, ದನ ಒದರುತ್ತದೆ, ಮನುಷ್ಯ ಯಾರ ಮೇಲಾದರೂ ಸಿಟ್ಟು ಮಾಡುತ್ತಾನೆ. ಆದರೆ ಹಸಿದದ್ದು ಒಂದು ಕಾರ್ಖಾನೆಯಾಗಿದ್ದರೆ? ಅದು ಅಳುವುದಿಲ್ಲ, ಒದರುವುದಿಲ್ಲ. ಸದ್ದಿಲ್ಲದೆ ಪೇಟೆಗೆ ಹೋಗಿ, ಎಲ್ಲರಿಗಿಂತ ಒಂದು ರೂಪಾಯಿ ಹೆಚ್ಚು ಕೊಟ್ಟು ಕಾಳು ತಂದು ಉಣ್ಣುತ್ತದೆ.

ಹೊಳೆಗಟ್ಟಿಯಲ್ಲಿ ತುಂಗಭದ್ರೆಯ ದಂಡೆಗೆ ನಿಂತಿದ್ದದ್ದು ಅಂಥದೇ ಒಂದು. ಸರಕಾರದ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಊರವರು ಮಾತ್ರ ಅದನ್ನು ಹೊಟ್ಟಿ ಎನ್ನುತ್ತಿದ್ದರು. ನಾಲ್ಕು ಮಾಳಿಗೆ ಎತ್ತರದ ಉಕ್ಕಿನ ಹಂಡೆ, ಸುತ್ತಲೂ ಹಾವಿನಂತೆ ಸುತ್ತಿ ಏರುವ ಮೆಟ್ಟಿಲು, ನಡುವೆ ಬಾಗಿಲಗಲದ ಒಂದು ಗಾಜು. ಆ ಗಾಜಿನಾಚೆ ಬೂದುಬಿಳುಪಿನ ದಪ್ಪ ಮಡಿಕೆಗಳು ಮೆಲ್ಲಗೆ ಏರುತ್ತಿದ್ದವು, ಇಳಿಯುತ್ತಿದ್ದವು. ನೋಡಲು ಬಂದ ಶಾಲೆಯ ಮಕ್ಕಳು ಗದ್ದಲ ಮಾಡುತ್ತ ಮೆಟ್ಟಿಲು ಏರುವರು, ಗಾಜಿನ ಮುಂದೆ ಬಂದು ಪಿಸುಮಾತಿಗೆ ಇಳಿಯುವರು. ಕೆಲವರು ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಅದು ಯಂತ್ರವಲ್ಲ, ಉಸಿರಾಡುವ ಜೀವ ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದನ್ನು ಬೆಳೆಸಿದವಳು ರುಬೀನಾ ನದಾಫ. ಗೆದ್ದಲುಗಳು ಹುತ್ತದೊಳಗೆ ಸಾಕಿಕೊಂಡ ಬೂಸ್ಟು, ಹಿಟ್ಟು ಹುಳಿಸುವ ಈಸ್ಟು, ಇವೆರಡನ್ನೂ ವರ್ಷಗಟ್ಟಲೆ ಒಂದೇ ಗಾಜಿನ ಭರಣಿಯಲ್ಲಿ ಬಾಳಿಸಿ, ಕೊನೆಗೆ ಒಂದನ್ನೊಂದು ಬಿಟ್ಟಿರದ ಹಾಗೆ ಮಾಡಿದ್ದಳು. ಹಳೆಯ ಕಾರ್ಖಾನೆಗಳಲ್ಲಿ ಕಾಳು ಬೀಸು, ಬೇಯಿಸು, ಹುಳಿಸು, ತೊಳೆ ಎಂದು ಹತ್ತು ಮನೆ ದಾಟಬೇಕಿತ್ತು. ಇಲ್ಲಿ ಒಂದೇ ಮೈ. ಮೇಲೆ ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಅಂಬಲಿ ಸುರಿದರೆ ಕೆಳಗೆ ಇಂಧನ ತೊಟ್ಟಿಕ್ಕುತ್ತಿತ್ತು. ಒಂದು ಅಂಚನ್ನು ಮುಟ್ಟಿದರೆ ಇನ್ನೊಂದು ಅಂಚು ನಡುಗುತ್ತಿತ್ತು. ಸುತ್ತಲಿನ ಜಿಲ್ಲೆಗಳ ಬಸ್ಸು, ಟ್ರ್ಯಾಕ್ಟರು, ನೀರೆತ್ತುವ ಪಂಪು ಎಲ್ಲ ಅದರ ಮೇಲೆಯೇ ಓಡುತ್ತಿದ್ದವು. ಹೊಗೆ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಮಾಗಿದ ಬಾಳೆಹಣ್ಣಿನ ವಾಸನೆ ಬಂದಿತ್ತು.

ಅದಕ್ಕೆ ಇದ್ದದ್ದು ಒಂದೇ ಕೊರತೆ, ನಿಲ್ಲಿಸುವುದು ಗೊತ್ತಿರಲಿಲ್ಲ. ಅರ್ಧ ದಿನ ಅಂಬಲಿ ಬೀಳದಿದ್ದರೆ ಅದು ತನ್ನನ್ನೇ ತಾನು ತಿನ್ನತೊಡಗುತ್ತಿತ್ತು. ಇನ್ನಷ್ಟು ತಡವಾದರೆ ಸತ್ತು ಕೊಳೆಯುತ್ತಿತ್ತು. ಮತ್ತೆ ಬೆಳೆಸುವುದೆಂದರೆ ವರ್ಷಗಳ ಮಾತು. ಆದ್ದರಿಂದ ಕಂಟ್ರೋಲ್ ರೂಮಿನಲ್ಲಿ ಒಂದು ಕಂಪ್ಯೂಟರಿಗೆ ಒಂದೇ ಕೆಲಸ: ಸುತ್ತಲಿನ ಎಪಿಎಂಸಿಗಳ ಟೆಂಡರಿನಲ್ಲಿ ಗೋವಿನಜೋಳಕ್ಕೆ ಯಾರು ಎಷ್ಟು ಹಾಕಿದರೂ ಅದಕ್ಕಿಂತ ತುಸು ಮೇಲೆ ಹಾಕುವುದು. ಸುಗ್ಗಿಯಲ್ಲಿ ಇದರಿಂದ ರೈತರಿಗೆ ಹಬ್ಬವೇ ಆಗಿತ್ತು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಮಳೆಗಾಲದ ನಡುವೆ, ರೈತನ ಮನೆಯ ಕಣಜವೂ ಬರಿದಾಗಿ, ಕಾಳೆಲ್ಲ ಗೋದಾಮಿನ ಸಾಹುಕಾರರ ಕೈ ಸೇರಿದಾಗಲೂ ಹೊಟ್ಟೆಗೆ ಸುಗ್ಗಿಯಷ್ಟೇ ಹಸಿವೆ. ಆಗ ಸಾಹುಕಾರರು ಹೇಳಿದ್ದೇ ದರ.

ಇನ್ನು ಎಪಿಎಂಸಿಯ ಹಿಂದಿನ ಓಣಿಗೆ ಬರೋಣ. ಅಲ್ಲಿ ತಗಡಿನ ಛಾವಣಿಯ ಕೆಳಗೆ ಫಕೀರವ್ವನ ಖಾನಾವಳಿ. ಬೆಳಗಾದರೆ ಏಳೆಂಟು ಹೆಣ್ಣುಮಕ್ಕಳು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುವ ಸದ್ದು ಹರಾಜಿನ ಕೂಗಿಗೂ ಮೀರಿ ಕೇಳುತ್ತಿತ್ತು. ಉಣ್ಣುವವರು ಹೆಚ್ಚಾಗಿ ಹಮಾಲರು, ಬೆನ್ನ ಮೇಲೆ ಚೀಲ ಹೊರುವವರು. ಆ ಖಾನಾವಳಿಗೆ ಒಂದು ರೀತಿಯಿತ್ತು. ಪಲ್ಯ, ಸಾರು ಅಳತೆಯಲ್ಲಿ. ರೊಟ್ಟಿಗೆ ಮಾತ್ರ ಲೆಕ್ಕವಿಲ್ಲ. ಸಾಕು ಎಂದು ಉಣ್ಣುವವನು ತಾಟಿನ ಮೇಲೆ ಕೈ ಅಡ್ಡ ಹಿಡಿಯುವ ತನಕ ಬೀಳುತ್ತಲೇ ಇರಬೇಕು. ಫಕೀರವ್ವನ ಅತ್ತೆಯ ಕಾಲದಿಂದ ಬಂದ ರೀತಿ ಅದು.

ರುಬೀನಾ ಇದ್ದದ್ದು ಆ ಖಾನಾವಳಿಯ ಮೇಲಿನ ಕೋಣೆಯಲ್ಲಿ. ಪಕ್ಕದ ಕೋಣೆಯಲ್ಲಿ ಆಫ್ರಿಕಾದ ಮಲಾವಿ ದೇಶದಿಂದ ತರಬೇತಿಗೆ ಬಂದ ಎಂಜಿನಿಯರ್ ಚಿಸೋಮೊ. ಆ ಹೆಸರು ಫಕೀರವ್ವನ ಬಾಯಲ್ಲಿ ನಿಲ್ಲದೆ ಮೊದಲ ವಾರದಲ್ಲೇ ಅವನು ಸೋಮಣ್ಣನಾಗಿದ್ದ. ಅವನು ಕನ್ನಡ ಕಲಿತದ್ದು ಹಮಾಲರ ಪಂಕ್ತಿಯಲ್ಲಿ ಕೂತು. ಹೀಗಾಗಿ ಕಾರ್ಖಾನೆಯ ಮೀಟಿಂಗಿನಲ್ಲಿ ಅವನು ಬಾಯಿ ತೆರೆದರೆ ದೊಡ್ಡ ಸಾಹೇಬರು ನಗು ತಡೆಯಲು ಕೆಮ್ಮುತ್ತಿದ್ದರು. ಅವನ ದೇಶದಲ್ಲೂ ದೊಡ್ಡ ಸರೋವರದ ದಂಡೆಗೆ ಇಂಥದೇ ಹೊಟ್ಟೆ ಏಳುತ್ತಿತ್ತು. ಇಲ್ಲಿಂದ ಒಂದು ತುಣುಕು ಒಯ್ದು ಅಲ್ಲಿ ನೆಡುವುದು ಅವನ ಕೆಲಸ.

ಆ ವರ್ಷ ಜ್ಯೇಷ್ಠದಲ್ಲಿ ಬಿಳಿಜೋಳದ ದರ ಏರತೊಡಗಿತು. ಮೊದಲು ರೊಟ್ಟಿ ತೆಳ್ಳಗಾದವು, ಆಮೇಲೆ ಅಗಲ ಕಿರಿದಾಯಿತು. ಬಡಿಯುವವರಲ್ಲಿ ಇಬ್ಬರು ಬೇರೆ ಕೂಲಿ ಹುಡುಕಿಕೊಂಡು ಹೋದರು. ಒಂದು ಮಧ್ಯಾಹ್ನ ಯಾರೋ ಹಮಾಲ ಇದೆಲ್ಲ ಹೊಟ್ಟಿಯ ಕರಾಮತ್ತು ಎಂದಾಗ ರುಬೀನಾಗೆ ಮುಖ ಕೆಂಪಾಯಿತು. ತನ್ನ ಕೂಸಿಗೆ ಯಾರೋ ಕಳ್ಳ ಎಂದ ಹಾಗೆ.

"ನಮ್ಮ ಹೊಟ್ಟಿ ಬಿಳಿಜೋಳ ಮುಟ್ಟೂದೇ ಇಲ್ರಿ ಅವ್ವಾರ," ಎಂದಳು ಫಕೀರವ್ವನಿಗೆ. "ಅದಕ್ಕ ಗೋವಿನಜೋಳ ಅಷ್ಟ. ನೀವೂ ನೋಡೀರಲ್ಲ."

ನೋಡಿದ್ದೇನೆ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ, ಉಣ್ಣು ಎಂದು ಫಕೀರವ್ವ ಇನ್ನೊಂದು ರೊಟ್ಟಿ ಹಾಕಿದಳು. ಕೈ ತೊಳೆಯಲು ಹಿತ್ತಲ ಬಾಗಿಲಿಗೆ ಹೋದಾಗ ರುಬೀನಾಗೆ ಎದುರಿನ ಕಾಳಿನ ಅಡತಿ ಅಂಗಡಿಯ ಮುಂದೆ ಒಂದು ಲಾರಿ ಕಂಡಿತು. ಬಿಳಿಜೋಳದ ಚೀಲ ಏರುತ್ತಿದ್ದವು. ಲಾರಿಯ ಬಾಗಿಲ ಮೇಲೆ ಕೋಳಿಯ ಚಿತ್ರ. ಅವಳು ಒದ್ದೆ ಕೈಯಲ್ಲೇ ನಿಂತುಬಿಟ್ಟಳು. ಗೋವಿನಜೋಳ ಹೊಟ್ಟೆಯ ಪಾಲಾದ ಮೇಲೆ ಕೋಳಿ ಫಾರ್ಮಿನವರು ಏನು ಹಾಕಿಯಾರು? ಬಿಳಿಜೋಳ. ಅದನ್ನು ಕೋಳಿಗೆ ಒಯ್ದ ಮೇಲೆ ಮನುಷ್ಯರು ಏನು ಉಂಡಾರು? ಹೊಟ್ಟೆ ಮುಟ್ಟದೆ ಬಿಟ್ಟ ಕಾಳಿನ ದರವನ್ನೂ ಹೊಟ್ಟೆಯೇ ಏರಿಸಿತ್ತು.

ಒಳಗೆ ಹಮಾಲರ ಮೇಸ್ತ್ರಿ ಬಸಪ್ಪಜ್ಜ ಮಾತು ಮುಂದುವರಿಸಿದ್ದ. "ಕೋಳಿ ರೊಟ್ಟಿ ಉಣ್ಣಾಕ ಕಲತಾವ. ಇನ್ನ ನಾವ ತಿಪ್ಪಿ ಕೆದರೂದು ಕಲೀಬೇಕ ನೋಡ್ರಪಾ." ಎಲ್ಲರೂ ನಕ್ಕರು, ಸೋಮಣ್ಣನೊಬ್ಬ ನಗಲಿಲ್ಲ.

ಅವನ ಊರಲ್ಲಿ ಗೋವಿನಜೋಳವೇ ಅನ್ನ. ಬಿಳಿ ಗೋವಿನಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗಿ ತಿರುವುತ್ತಾರೆ. ನ್ಸಿಮಾ ಎನ್ನುತ್ತಾರೆ, ನಮ್ಮ ಮುದ್ದೆಯ ದಾಯಾದಿ. ಅವನು ತಾಟಿನಲ್ಲಿ ಬೆರಳಾಡಿಸುತ್ತ ಮೆಲ್ಲಗೆ ಹೇಳಿದ: "ನಿಮಗ ಗೋವಿನಜೋಳ ಹೋದ್ರ ಬಿಳಿಜೋಳ ಐತಿ, ಅದು ಹೋದ್ರ ಅಕ್ಕಿ ಐತಿ. ನಮಗ ಮುಂಜಾನೆನೂ ಅದ, ಸಂಜಿಗೂ ಅದ. ಅದನ್ನ ಹೊಟ್ಟಿಗೆ ಹಾಕಿದ ಮ್ಯಾಲೆ ನಮ್ಮವ್ವ ಗಡಿಗ್ಯಾಗ ಏನ್ ತಿರುವಬೇಕ್ರಿ?"

ಫಕೀರವ್ವ ಅವನ ತಾಟಿಗೆ ಸಾರು ಬಡಿಸಿದಳು. ಆಮೇಲೆ, ಅಡಿಗೆಯ ಮಾತು ಹೇಳಿದಷ್ಟೇ ಸಲೀಸಾಗಿ, ನಾಗರಪಂಚಮಿ ಮುಗಿಸಿ ಖಾನಾವಳಿ ಮುಚ್ಚುವುದಾಗಿ ಹೇಳಿದಳು. ರೊಟ್ಟಿಗೊಂದು ಲೆಕ್ಕ ಇಟ್ಟರೆ ನಡೆಯುತ್ತದಲ್ಲ, ಆಳಿಗೆ ಎರಡು ಎಂದು ಬೋರ್ಡು ಹಾಕು ಎಂದು ಬಸಪ್ಪಜ್ಜನೇ ಸೂಚಿಸಿದ.

"ಎಣಿಸಿ ಹಾಕೂದಾದ್ರ ಅದು ಖಾನಾವಳಿ ಅಲ್ಲ ಅಜ್ಜಾ, ಜೈಲು," ಎಂದಳು ಫಕೀರವ್ವ. "ಮುಚ್ಚತೇನಿ, ಎಣಸೂದಿಲ್ಲ."

ಆ ಮಾತು ರುಬೀನಾಳ ಬೆನ್ನು ಬಿಡಲಿಲ್ಲ. ಮುಂದಿನ ಶುಕ್ರವಾರ ಅವಳು ಸವಣೂರಿನಲ್ಲಿದ್ದ ಅಕ್ಕನ ಮನೆಗೆ ಹೋದಳು. ರಂಜಾನ್ ಆಗಷ್ಟೇ ಶುರುವಾಗಿತ್ತು, ಅಕ್ಕನ ಮಗಳು ಆಫ್ರೀನಳಿಗೆ ಉಪವಾಸ ಕಲಿಸುತ್ತಿದ್ದರು. ಸಣ್ಣ ಮಕ್ಕಳಿಗೆ ಒಮ್ಮೆಲೇ ಇಡೀ ದಿನದ ರೋಜಾ ಇಡಿಸುವುದಿಲ್ಲ. ಇವತ್ತು ಮಧ್ಯಾಹ್ನದ ತನಕ, ನಾಡಿದ್ದು ಇನ್ನೊಂದು ತಾಸು. ಹುಡುಗಿ ಒಣಗಿದ ತುಟಿ ಸವರಿಕೊಳ್ಳುತ್ತ, ತಾನಿನ್ನು ದೊಡ್ಡವಳು ಎಂಬ ಗತ್ತಿನಲ್ಲಿ ಮನೆತುಂಬ ಓಡಾಡುತ್ತಿದ್ದಳು. ಹಸಿವೆಯನ್ನೂ ಕಲಿಸಬಹುದಲ್ಲ ಎಂದು ರುಬೀನಾಗೆ ಹೊಳೆಯಿತು. ಹೊಟ್ಟೆಗೆ ಇಷ್ಟು ವರ್ಷ ಉಣ್ಣುವುದನ್ನು ಕಲಿಸಿದ್ದಳು. ಉಣ್ಣದಿರುವುದನ್ನು ಯಾರೂ ಕಲಿಸಿರಲಿಲ್ಲ.

ಪ್ರಯೋಗಾಲಯದ ಭರಣಿಗಳಲ್ಲಿ ಹೊಟ್ಟೆಯ ತುಣುಕುಗಳಿದ್ದವು. ಅವಕ್ಕೆ ಊಟವನ್ನು ದಿನಕ್ಕಿಷ್ಟು ಎಂದು ಇಳಿಸುತ್ತ ಬಂದಳು. ಆಗ ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದನ್ನು ಸೋಮಣ್ಣನನ್ನು ಕರೆದು ತೋರಿಸಿದಳು. ಕೆಲವು ಭರಣಿಗಳಲ್ಲಿ ಆ ಜೀವ ಚೂರುಚೂರಾಗಿ, ಚೂರಿಗೊಂದು ಗಟ್ಟಿ ಕವಚ ಕಟ್ಟಿಕೊಂಡು ಬೀಜವಾಗಿ ಮಲಗಿಬಿಟ್ಟಿತ್ತು. ಮೂರು ವಾರ ಬಿಟ್ಟು ಅಂಬಲಿ ಹನಿಸಿದರೆ ಕಣ್ಣು ಬಿಡುತ್ತಿತ್ತು. ಆದರೆ ಉಳಿದ ಭರಣಿಗಳಲ್ಲಿ ತನ್ನನ್ನೇ ತಿಂದು ಕಪ್ಪಗೆ ಸತ್ತಿತ್ತು. ಇದು ಯಾಕೆ ಬದುಕಿತು, ಅದು ಯಾಕೆ ಸತ್ತಿತು ಎಂಬುದು ಅವಳಿಗೆ ತಿಳಿಯಲಿಲ್ಲ.

ತಿಳಿಯುವವರೆಗೆ ಕಾಯಲು ನಾಗರಪಂಚಮಿ ದೂರವಿರಲಿಲ್ಲ. ಬಾಯ್ಲರ್ ತಪಾಸಣೆಯ ವಾರ ಬಂತು. ಆ ವಾರ ಅಂಬಲಿ ಕಾಯಿಸುವಂತಿರಲಿಲ್ಲ, ದುಬಾರಿ ಸಕ್ಕರೆಪಾಕ ತರಿಸಿ ಹೊಟ್ಟೆಯನ್ನು ಸಾಕಬೇಕಿತ್ತು. ಪಾಕ ತರಿಸಬೇಡಿ, ಉಪವಾಸ ಇರಿಸೋಣ, ಸುಗ್ಗಿಯ ತನಕ ಮಲಗಲಿ ಎಂದು ರುಬೀನಾ ಮ್ಯಾನೇಜರ್ ಪ್ರಹ್ಲಾದ ಕಟ್ಟಿಯವರ ಮುಂದೆ ಕೂತಳು. ಟ್ಯಾಂಕುಗಳಲ್ಲಿ ಕೂಡಿಟ್ಟ ಇಂಧನವಿದೆ, ಬಸ್ಸುಗಳು ಒಂದೆರಡು ಸರತಿ ಕಡಿಮೆ ಓಡಿದರೆ ಮೂರು ತಿಂಗಳು ದೂಡಬಹುದು ಎಂದಳು. ಅರ್ಧ ಭರಣಿಗಳು ಸತ್ತದ್ದನ್ನೂ ಮುಚ್ಚಿಡಲಿಲ್ಲ.

ಕಟ್ಟಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನದಾಫ ಮೇಡಂ, ಇದು ಸತ್ತರ ಹೆಡ್ ಆಫೀಸಿಗೆ ಏನಂತ ಬರೀಲಿ? ವ್ರತಾ ಹಿಡದಿತ್ತು ಅಂತ ಬರೀಲೇನು?"

ಆದರೂ ಈ ದರದಲ್ಲಿ ಕಾಳು ಕೊಂಡು ಕಂಪನಿಗೂ ನಷ್ಟವೇ ಆಗುತ್ತಿತ್ತು. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ: ಸಾಯುವ ಲಕ್ಷಣ ಕಂಡ ಕೂಡಲೇ ತಪಾಸಣೆ ಬಿಟ್ಟು ಬಾಯ್ಲರ್ ಹೊತ್ತಿಸಿ, ಎಷ್ಟೇ ದರವಾಗಲಿ ಕಾಳು ತರಿಸುವುದು.

ಊಟ ಇಳಿಯುತ್ತ ಬಂತು. ಪೂರ್ತಿ ನಿಲ್ಲಿಸುವ ದಿನ ಬರುವಷ್ಟರಲ್ಲಿ ಹೊಟ್ಟಿ ಉಪವಾಸ ಹಿಡಿಯುತ್ತದಂತೆ ಎಂಬ ಸುದ್ದಿ ಪೇಟೆಯೆಲ್ಲ ಹಬ್ಬಿತ್ತು. ಯಾಕೆ ಹಿಡಿಯುತ್ತದೆ ಎಂಬುದೂ ಫಕೀರವ್ವನಿಗೆ ಗೊತ್ತಿತ್ತು. ಅವರ ಓಣಿಯಲ್ಲಿ ಒಂದು ರೂಢಿ. ಹೆಣ್ಣುಮಗಳು ದೊಡ್ಡ ನೇಮ ಹಿಡಿದು ಹೊರಟರೆ ಅವಳನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ, ಸೆರಗಿಗೆ ಕಾಳು ಬೆಲ್ಲ ಹಾಕಿ ಉಡಿ ತುಂಬುತ್ತಾರೆ. ಹೊಟ್ಟೆ ಹೆಣ್ಣೆಂಬುದರಲ್ಲಿ ಆ ಓಣಿಯ ಯಾರಿಗೂ ಸಂಶಯವಿರಲಿಲ್ಲ; ಮತ್ತೆ ಯಾರು ಇಷ್ಟು ಜನರ ಸಲುವಾಗಿ ಉಪವಾಸ ಮಾಡಿಯಾರು? ಹೀಗಾಗಿ ಫಕೀರವ್ವ ರೊಟ್ಟಿ ಬಡಿಯುವ ಹೆಣ್ಣುಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದಳು. ಮೊರದಲ್ಲಿ ಒಂದು ಸೇರು ಜೋಳ, ಉತ್ತತ್ತಿ, ಕೊಬ್ಬರಿ, ಮೇಲೆ ಬೆಲ್ಲದ ದೊಡ್ಡ ಪೆಂಟೆ. ಗೇಟಿನವನು ಅವಳ ಕೈಯ ರೊಟ್ಟಿ ಉಂಡವನೇ, ಬಿಟ್ಟ. ತಪಾಸಣೆಗೆಂದು ಹಂಡೆಯ ಮೇಲಿನ ಮುಚ್ಚಳ ತೆರೆದಿತ್ತು. ಹೆಣ್ಣುಮಕ್ಕಳು ಮೆಟ್ಟಿಲೇರಿ, ಕುಂಕುಮ ಹಚ್ಚಿ, ಒಂದು ಹಾಡಿನ ಎರಡು ನುಡಿ ಹೇಳಿ, ಉಡಿಯನ್ನು ಒಳಗೆ ಸುರಿದರು.

ಕೆಳಗೆ ಕಂಟ್ರೋಲ್ ರೂಮಿನ ತೆರೆಯ ಮೇಲೆ ಹೊಟ್ಟೆಯ ಉಸಿರಿನ ಗೆರೆ ನೆಲಕ್ಕೆ ತಾಗುವಷ್ಟು ಇಳಿದದ್ದು, ಒಮ್ಮೆಲೇ ನೆಟ್ಟಗೆ ಎದ್ದು ನಿಂತಿತು.

ರುಬೀನಾ ಮೆಟ್ಟಿಲು ಓಡಿ ಏರಿದಾಗ ಫಕೀರವ್ವ ಕೈ ಮುಗಿದು ನಿಂತಿದ್ದಳು. ಏನು ಹಾಕಿದಿರಿ ಎಂದು ಕೇಳುತ್ತ ರುಬೀನಾ ಬರಿದಾದ ಮೊರ ನೋಡಿದಳು. ಅರೆನಿದ್ದೆಗೆ ಇಳಿದದ್ದನ್ನು ಎಬ್ಬಿಸಿಬಿಟ್ಟಿರಿ, ಎದ್ದದ್ದಕ್ಕೆ ಈಗ ಉಣ್ಣಲು ಏನೂ ಇಲ್ಲ, ಇನ್ನು ತನ್ನನ್ನೇ ತಿನ್ನುತ್ತದೆ ಎಂದಳು. ಫಕೀರವ್ವ ಮುಗಿದ ಕೈ ಇಳಿಸಿದಳು.

"ಬರಿ ಉಡೀಲೆ ಹೆಂಗ ಕಳಸ್ಲಿ ಯವ್ವಾ," ಎಂದಳು. ಹಂಡೆಯೊಳಗೆ ಬಗ್ಗಿ ನೋಡಿ, "ನಾನ ಕೊಂದ್ನೇನು ಅದನ್ನ?"

ಕೆಳಗೆ ಕಟ್ಟಿಯವರು ಷರತ್ತನ್ನು ನೆನಪಿಸಲಿಲ್ಲ. ನೇರ ಕಾಳು ಕೊಳ್ಳುವ ಕಂಪ್ಯೂಟರಿನ ಮುಂದೆ ಕೂತಿದ್ದರು. ಹೊಟ್ಟಿ ಎದ್ದಿತಂತೆ ಎಂಬ ಸುದ್ದಿ ಆಗಲೇ ಗೋದಾಮುಗಳಿಗೆ ಮುಟ್ಟಿರಬೇಕು. ತೆರೆಯ ಮೇಲೆ ದರ ಕಣ್ಣೆದುರೇ ಏರುತ್ತಿತ್ತು. ಈ ದರದಲ್ಲಿ ಒಮ್ಮೆ ಕೊಂಡರೆ ಖಾನಾವಳಿ ಪಂಚಮಿಯನ್ನೂ ಕಾಣುವುದಿಲ್ಲ ಎಂಬುದು ರುಬೀನಾಗೆ ಕಾಣುತ್ತಿತ್ತು. ಕೊಳ್ಳದಿದ್ದರೆ ತನ್ನ ಜೀವಮಾನದ ಕೆಲಸ ಸಂಜೆಯೊಳಗೆ ಕೊಳೆತು ಹೊಳೆ ಸೇರುತ್ತದೆ ಎಂಬುದೂ ಕಾಣುತ್ತಿತ್ತು. ಅವಳು ಹೋಗಿ ಕಟ್ಟಿಯವರ ಕೈಯ ಹತ್ತಿರ ತನ್ನ ಕೈ ಇಟ್ಟಳು.

"ಸಂಜೀ ಮಟ ತಡೀರಿ, ಸರ್. ಸತ್ತರ ನನ್ನ ಹೆಸರ ಬರೀರಿ."

ಕಟ್ಟಿಯವರು ಕೈ ಹಿಂದೆಗೆದರು. ಉಸಿರಿನ ಗೆರೆ ತುದಿ ಮುಟ್ಟಿ ಇಳಿಯಹತ್ತಿತು. ಇನ್ನು ಕಪ್ಪಾಗುತ್ತದೆ ಎಂದು ರುಬೀನಾ ಗಾಜಿನ ಕಡೆ ನೋಡಲೇ ಇಲ್ಲ. ನೋಡುತ್ತಿದ್ದವನು ಸೋಮಣ್ಣ. ಅವನು ಗಾಜಿಗೆ ಹಣೆ ಹಚ್ಚಿ ನೋಡಿ, ಅಲ್ಲಿಂದಲೇ ಕರೆದ.

"ಮೇಡಂ, ಇಲ್ಲೆ ಬರ್ರಿ. ಕಪ್ಪ ಅಲ್ರಿ ಇದು."

ಗಾಜಿನಾಚೆ ಮಡಿಕೆಗಳ ತುದಿಯಲ್ಲಿ ಒಂದು ಬಣ್ಣ ಹುಟ್ಟಿತ್ತು. ಮೊದಲು ಹಿಟ್ಟಿನ ಮೇಲೆ ಅರಿಶಿನ ಉದುರಿಸಿದ ಹಾಗೆ ಚುಕ್ಕಿ ಚುಕ್ಕಿ. ಆಮೇಲೆ ಚುಕ್ಕಿಗಳು ಕೂಡಿದವು. ಮೇಲಿನಿಂದ ಕೆಳಗೆ, ಗಾಳಿಗೆ ಹೊಲದ ತೆನೆ ಬಾಗುವಂತೆ, ಹೊಂಬಣ್ಣ ಅಲೆಯಾಗಿ ಇಳಿದು ಬಂತು. ಅಲೆ ದಾಟಿದ ಕಡೆ ಏರಿಳಿತ ನಿಂತು ಮೈ ಹರಳುಗಟ್ಟುತ್ತಿತ್ತು. ನಾಲ್ಕು ಮಾಳಿಗೆ ಎತ್ತರದ ಜೀವವೊಂದು ಎಲ್ಲರ ಕಣ್ಣೆದುರು ತನ್ನನ್ನು ತಾನು ಮಡಚಿ, ಕಾಳು ಕಾಳಾಗಿ ಒಳಗೆ ಇಟ್ಟುಕೊಳ್ಳುತ್ತಿತ್ತು. ಹಂಡೆಯ ಗುಂಯ್‌ಗುಟ್ಟುವ ಸದ್ದಿಗೆ ಅಲ್ಲಿನವರ ಕಿವಿ ಎಷ್ಟು ಒಗ್ಗಿತ್ತೆಂದರೆ, ಅದು ನಿಂತಾಗಲೇ ಅದು ಇಷ್ಟು ದಿನ ಇತ್ತೆಂದು ತಿಳಿದದ್ದು. ಹೊಳೆ ಹರಿಯುವ ಸದ್ದು ಕೇಳಿಸಿತು. ಕಟ್ಟಿಯವರು ಎದ್ದು ನಿಂತಿದ್ದರು. ಫಕೀರವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಸೂಕ್ಷ್ಮದರ್ಶಕದಲ್ಲಿ ಸಾಸಿವೆಯಷ್ಟು ಕಂಡದ್ದು ಈಗ ಬೆಟ್ಟದಷ್ಟಾಗಿ ಎದುರಿಗಿತ್ತು, ರುಬೀನಾಗೆ ತಾನೇ ಬೆಳೆಸಿದ್ದೆಂಬುದು ಮರೆತುಹೋಗಿತ್ತು.

ಭರಣಿಗಳ ಗುಟ್ಟು ಆಗ ಬಯಲಾಯಿತು. ಮೆಲ್ಲಮೆಲ್ಲಗೆ ಊಟ ಇಳಿಸುತ್ತ ಹೋದರೆ ಆ ಜೀವಕ್ಕೆ ಹಸಿವೆ ಬಂದದ್ದೇ ತಿಳಿಯುತ್ತಿರಲಿಲ್ಲ. ಇಂದಲ್ಲ ನಾಳೆ ಬಂದೀತೆಂದು ಕಾಯುತ್ತ ತನ್ನ ಮೈಯನ್ನೇ ಕರಗಿಸುತ್ತಿತ್ತು. ಆದರೆ ಇವತ್ತು ಒಂದು ಕಡೆ ಬಿದ್ದ ಬೆಲ್ಲದ ಸವಿ ಕ್ಷಣದಲ್ಲಿ ಇಡೀ ಮೈಗೆ ಹಬ್ಬಿತು, ಮರುಕ್ಷಣ ಮಾಯವಾಯಿತು. ಇದೇ ಕೊನೆಯ ತುತ್ತು, ಇನ್ನಿಲ್ಲ ಎಂಬ ಸುದ್ದಿ ಅದಕ್ಕೆ ಸ್ಪಷ್ಟವಾಗಿ ಮುಟ್ಟಿತು. ಬದುಕುಳಿದ ಭರಣಿಗಳಲ್ಲೂ ಅಂಬಲಿಯ ಕೊನೆಯ ಹನಿ ಹೀಗೇ ತುಸು ದಪ್ಪಗೆ ಬಿದ್ದಿರಬೇಕು. ಆಫ್ರೀನಳನ್ನು ಅಕ್ಕ ನಸುಕಿನಲ್ಲಿ ಎಬ್ಬಿಸಿ ಸಹರಿ, ಅಂದರೆ ಉಪವಾಸಕ್ಕೆ ಮುಂಚಿನ ತುತ್ತು, ಉಣಿಸುತ್ತಿದ್ದಳು. ಆ ತುತ್ತನ್ನು ಹೊಟ್ಟೆಗೆ ಇಡುವುದು ತನಗೆ ಹೊಳೆದಿರಲಿಲ್ಲ ಎಂದು ರುಬೀನಾ ಸೋಮಣ್ಣನಿಗೆ ಹೇಳಿ ನಕ್ಕಳು. ನಗುವಾಗ ಕಣ್ಣಲ್ಲಿ ನೀರಿತ್ತು.

ಮರುದಿನ ಟೆಂಡರಿನಲ್ಲಿ ಹೊಟ್ಟೆಯ ಹೆಸರಿರಲಿಲ್ಲ. ಸಾಹುಕಾರರು ಎರಡು ದಿನ ಇದು ಆಟವೆಂದು ಕಾಳು ಬಿಗಿಹಿಡಿದು ಕೂತರು. ಮೂರನೆಯ ದಿನ ಒಬ್ಬರು ಗೋದಾಮಿನ ಬಾಗಿಲು ತೆರೆದರು, ಅವರನ್ನು ನೋಡಿ ಇನ್ನೊಬ್ಬರು. ಗೋವಿನಜೋಳ ಇಳಿಯಿತು, ಕೋಳಿಯ ಲಾರಿಗಳು ಅತ್ತ ತಿರುಗಿದವು, ಬಿಳಿಜೋಳ ಪೇಟೆಗೆ ಮರಳಿತು. ಬಸ್ಸಿನ ಸರತಿ ಕಡಿಮೆಯಾಗಿ ಜನ ಗೊಣಗಿದರು. ಹೊಟ್ಟಿ ಉಪವಾಸ ಮಾಡಬಹುದು, ನಾವು ಎರಡು ಮೈಲಿ ನಡೆದರೆ ಸವೆಯುವುದಿಲ್ಲ ಎಂದು ಗೊಣಗಿದವರೇ ನಡೆದರು. ಪಂಚಮಿಗೆ ಖಾನಾವಳಿ ಮುಚ್ಚಲಿಲ್ಲ. ಹೋಗಿದ್ದ ಇಬ್ಬರು ಹೆಣ್ಣುಮಕ್ಕಳು ಬಂದು ತಮ್ಮ ತಮ್ಮ ಒಲೆಯ ಮುಂದೆ ಕೂತರು. ರೊಟ್ಟಿ ಮೊದಲಿನ ಅಗಲಕ್ಕೆ ಬರಲು ಇನ್ನಷ್ಟು ದಿನ ಹಿಡಿಯಿತು, ಆದರೆ ಯಾರೂ ಎಣಿಸಲಿಲ್ಲ.

ಸೋಮಣ್ಣ ಶ್ರಾವಣದಲ್ಲಿ ಹೊರಟ. ಅವನು ಒಯ್ದದ್ದು ಉಸಿರಾಡುವ ತುಣುಕನ್ನಲ್ಲ, ಹೊಂಬಣ್ಣದ ಒಂದು ಹಿಡಿ ಕಾಳನ್ನು. ಅಲ್ಲಿ ಹೊಟ್ಟೆ ಹುಟ್ಟುವಾಗಲೇ ಉಪವಾಸ ಕಲಿತು ಹುಟ್ಟಲಿ ಎಂದು ರುಬೀನಾಳೇ ಕೇಳಿಕೊಂಡಿದ್ದಳು. ಸುಗ್ಗಿಯಲ್ಲಿ ಉಣಿಸು, ಜನರ ಗಡಿಗೆ ಬರಿದಾಗುವ ತಿಂಗಳಲ್ಲಿ ಮಲಗಿಸು ಎಂದು ಹೇಳಿ ಕಳಿಸಿದಳು.

ದಸರೆ ದಾಟಿ ಹೊಸ ಗೋವಿನಜೋಳ ಬಂತು. ಎಪಿಎಂಸಿಯ ಅಂಗಳದಲ್ಲಿ ಹಳದಿ ರಾಶಿಗಳು ಎದ್ದವು, ಕೊಳ್ಳುವವರಿಲ್ಲದೆ ದರ ಬೀಳುತ್ತದೇನೋ ಎಂದು ರೈತರು ಕಾರ್ಖಾನೆಯ ಕಡೆ ನೋಡತೊಡಗಿದರು. ಹೊಟ್ಟೆಯನ್ನು ಎಬ್ಬಿಸುವ ಹೊತ್ತು ಬಂದಿತ್ತು. ಮೇಲೆ ಅಂಬಲಿ ಸಿದ್ಧವಾಗಿತ್ತು. ಕಟ್ಟಿಯವರು ಶುರು ಮಾಡಿ ಮೇಡಂ ಎಂದರು. ರುಬೀನಾಳ ಕೈ ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಖಾನಾವಳಿಗೆ ಹಚ್ಚಿದಳು. ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು.

"ಅವ್ವಾರ, ಎಲ್ಲಾರದೂ ಊಟ ಆತೇನ್ರಿ? ಇಲ್ಲೆ ಇಕಿಗೆ ಹಾಕಬೇಕಂತ ಮಾಡೇವಿ."

ಫಕೀರವ್ವ ಪಂಕ್ತಿಯ ಮೇಲೆ ಒಮ್ಮೆ ಕಣ್ಣಾಡಿಸಿರಬೇಕು. ಯಾರಿಗೋ ಇನ್ನೊಂದು ರೊಟ್ಟಿ ಹಾಕುವಂತೆ ಹೇಳಿದಳು, ಬಸಪ್ಪಜ್ಜ ಸಾಕೆಂದದ್ದು ಕೇಳಿಸಿತು.

"ಇಲ್ಲೆ ಆತವ್ವಾ," ಎಂದಳು. "ಸೋಮಣ್ಣನ ಊರಾಗ ಆಗೇತೇನು? ಅವರಿಗೂ ಇದ ಕಾಳ ಅನ್ನ. ಕೇಳಿ ಹಾಕು."

ಕಟ್ಟಿಯವರು ಗಡಿಯಾರ ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ರುಬೀನಾ ಗುಂಡಿಯ ಮೇಲಿನ ಕೈ ತೆಗೆದು, ಮಲಾವಿಯ ನಂಬರ್ ಒತ್ತಿದಳು. ಗಾಜಿನಾಚೆ ಹೊನ್ನಿನ ರಾಶಿ ಅಲ್ಲಾಡದೆ ಕಾಯುತ್ತಿತ್ತು.